ಹಸಿ ಹಲಸಲ್ಲೇ ವೀಣೆ ಕೊಡ ತೋಡಿದ್ದು: ನನ್ನ ಅನುಭವ

ಹಸಿ ಮರಕ್ಕೆ ಉಳಿ ಹಾಕ್ಬೇಡ, ಕೊಡ (ವೀಣೆಯ ನಾದ ತುಂಬೋ ಗುಂಡನೆ ಬುರುಡೆ) ಸೀಳಿ ಹೋಗುತ್ತೆ ಅಂತ ಕೇಳಿದವರೆಲ್ಲ ಹೇಳಿದ್ರು. ಈಗ ಅಂಥಾ 4 ಕೊಡ ಒಂದು ಕೂದಲೆಳೆ ಸೀಳೂ ಇಲ್ದೆ ನನ್ನ ಶೆಡ್ಡಲ್ಲಿವೆ, ಒಂದಕ್ಕೆ ತಂತಿ ಬಿಗಿದು ಇಡೀ ಮಳೆಗಾಲ ಕಳೀತು, ಏನೂ ಆಗಿಲ್ಲ.

ಮೊದ್ಲು ನಾನೂ ಇಡೀ ದಿಮ್ಮಿ ತಂದು ನೆರಳಲ್ಲಿ ಹಾಕಿದವನೇ. ಸುಮಾರು 12 ಸಾವಿರ ಕೊಟ್ಟಿದ್ದೆ, ಸಾಗಾಟ ಬೇರೆ. ಒಂದು ಬೇಸಿಗೆ ಮುಗಿಯೋದ್ರಲ್ಲಿ ನಡು ತಿರುಳಿಂದ ತೊಗಟೆವರೆಗೂ ಬೆರಳು ತೂರೋ ಅಷ್ಟು ಬಿರುಕು, ಯಾಳಿ, ಅಂದ್ರೆ ವೀಣೆ ತುದೀಲಿರೋ ಪ್ರಾಣಿ ಮುಖ, ಕೆತ್ತೋಕೆ ಒಂದು ತುಂಡು ಉಳೀತು, ಮಿಕ್ಕಿದ್ದು ಸೌದೆ. ಎರಡನೇ ದಿಮ್ಮಿಗೆ ತುದಿಗೆ ಪೇಂಟ್ ಹೊಡೆದೆ, ತಿರುಳು ಒಳಗೇ ಇತ್ತಲ್ಲ, ಅದೂ ಹೋಯ್ತು. ಎರಡೂ ಸೇರಿ ಒಂದು ವೀಣೆಯ ಲಾಭ ಪೂರ್ತಿ ಮಣ್ಣುಪಾಲು, ಹೊಟ್ಟೆ ಉರೀತು.

ಮೂರನೇದನ್ನ ಮಿಲ್ಲಲ್ಲೇ ನಡುವೆ ಸೀಳಿಸಿ ತಿರುಳು ತೆಗೆಸ್ದೆ, ಅದೇ ವಾರ ಕೊಡ ತೋಡೋಕೆ ಕೂತೆ. ಹಸಿ ಹಲಸು ಬೆಣ್ಣೆ ಥರ ಬರುತ್ತೆ ಕಣ್ರೀ, ಒಣಗಿದ್ರಲ್ಲಿ ನಾಲ್ಕು ದಿನದ ಕೆಲಸ ಒಂದೂವರೆ ದಿನಕ್ಕೆ ಮುಗೀತು, ಹಲಸಿನ ಮೇಣ ಅಂಟುತ್ತೆ ಅಂದ್ರೆ ಉಳಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಹಣ್ಣು ಕೊಯ್ಯುವಾಗ ಮಾಡೋ ಹಾಗೆ. ಗೋಡೆ ಒಂದೂವರೆ ಇಂಚು ದಪ್ಪ ಬಿಟ್ಟೆ. ಹೊರಗಿನ ಬಿಳಿ ಭಾಗ ಒಂಚೂರೂ ಉಳಿಸ್ಬೇಡಿ, ಕುಟ್ಟೆ ಹುಳ ಬರೋದು ಅಲ್ಲಿಗೇ, ಒಳಗಿನ ಗಟ್ಟಿ ಕೆಚ್ಚಿನ ತಂಟೆಗೆ ಅಷ್ಟಾಗಿ ಬರಲ್ಲ.

ಆಮೇಲೆ ಮರದ ಎಳೆ ಅಡ್ಡಕ್ಕೆ ಕಡಿದಿರೋ ಎರಡೂ ಕಡೆ ಬಿಸಿ ಮೇಣ (ಹಲಸಿನ ಅಂಟಲ್ಲ, ವ್ಯಾಕ್ಸ್) ಬಳಿದೆ. ಅದಕ್ಕೆ ಇನ್ನೊಂದು ಸಾಮಾನು ಸೇರಿಸ್ತೀನಿ, ಅದನ್ನ ಮಾತ್ರ ಕೇಳ್ಬೇಡಿ. ಅದೇ ಮರದ ಹೊಟ್ಟು ತುಂಬಿದ ಗೋಣಿಚೀಲದೊಳಗೆ ಕೊಡ ಹೂತಿಟ್ಟು, ಹೊಟ್ಟು ತೇವ ಆದಾಗೆಲ್ಲ ಬದಲಾಯಿಸ್ದೆ, ಇಲ್ಲಾಂದ್ರೆ ಬೂಷ್ಟು ಹಿಡಿಯುತ್ತೆ. ಪ್ರತಿ ಭಾನುವಾರ ತೂಕ. ಶುರುನಲ್ಲಿ 6 ಕೆಜಿ ಚಿಲ್ರೆ ಇತ್ತು, ಏಳೆಂಟು ತಿಂಗಳಿಗೆ 4ರ ಆಸುಪಾಸಿಗೆ ಬಂದು ನಿಂತುಬಿಡ್ತು. ಬಾಯಿ ಅಡ್ಡಕ್ಕೆ ಅರ್ಧ ಇಂಚು ಹತ್ತಿರ ಕುಗ್ಗಿ ಮೊಟ್ಟೆ ಆಕಾರ ಆಗಿತ್ತು, ಅದಕ್ಕೇ ಅಷ್ಟು ದಪ್ಪ ಬಿಟ್ಟಿದ್ದು, ಮತ್ತೆ ಗುಂಡಗೆ ಮಾಡ್ಕೊಂಡೆ.

ನಡುವೆ ಒಂದು ತುಂಡನ್ನ ತಗಡಿನ ಶೀಟ್ ಕೆಳಗೆ ಬಿಸಿಲಿಗಿಟ್ಟು ಎರಡೇ ವಾರದಲ್ಲಿ ಒಣಗಿಸಿ ನೋಡಿದ್ದೆ. ಮೇಲೆ ಚೆನ್ನಾಗೇ ಕಾಣ್ತಿತ್ತು, ಕುಯ್ದರೆ ಒಳಗೆಲ್ಲ ಬಿರುಕು, ಹಾಳು. ಇನ್ನೊಂದು ಪ್ರಯೋಗ ಕೆಲಸಕ್ಕೆ ಬಂತು: ಚೂರು ತುಂಡನ್ನ ತೂಗಿ ಮೈಕ್ರೋವೇವಲ್ಲಿ ಕಡಿಮೆ ಪವರಲ್ಲಿ ಸ್ವಲ್ಪ ಸ್ವಲ್ಪವೇ ಕಾಯಿಸಿ, ತೂಕ ಇಳಿಯೋದು ನಿಲ್ಲೋವರೆಗೂ ಮಾಡಿದ್ರೆ ಎಷ್ಟು ನೀರಿತ್ತು ಅಂತ ಲೆಕ್ಕ ಸಿಗುತ್ತೆ, ತೇವ ಅಳೆಯೋ ಮೀಟರ್ ದುಡ್ಡು ಉಳೀತು. ಒಣಗಿದ ಮೇಲೆ ನನ್ನ ಮರದಲ್ಲಿ ನೀರು 12 ಪರ್ಸೆಂಟ್ ಹತ್ತಿರ ಬಂತು.

ಕೊನೆಗೆ ಗೋಡೆ ದಪ್ಪ ಎಲ್ಲಿ ಎಷ್ಟು ಉಳಿಸ್ದೆ ಅನ್ನೋದು ನನ್ನ ಹತ್ರಾನೇ ಇರ್ಲಿ. ಬೇಡ ಅಂದಿದ್ದ ಹಿರಿಯರೊಬ್ರು ಮೊನ್ನೆ ಬಂದು ಬೆರಳಲ್ಲಿ ಕೊಡ ತಟ್ಟಿ ತಟ್ಟಿ ಕೇಳಿಸ್ಕೊಂಡ್ರು, ಏನೂ ಹೇಳ್ಲಿಲ್ಲ, ಹೋಗ್ತಾ ‘ನಂಗೂ ಒಂದು ತೋಡಿಕೊಡಪ್ಪ’ ಅಂದ್ರು. ದಿಮ್ಮಿ ಆಗಲೇ ಮಿಲ್ಲಿಗೆ ಹಾಕಿದೀನಿ.