ಮುಟ್ಟದೇ ಚಾರ್ಜ್ ಮಾಡುವುದು ಹೇಗೆ? ಮನೆಯಲ್ಲೇ ಮಾಡಿ ನೋಡಿ

ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತುವ ಆಟ ಎಲ್ಲರೂ ಆಡಿದ್ದೇವೆ. ಆದರೆ ಆ ಕಾಗದಕ್ಕೆ ಯಾರೂ ಚಾರ್ಜ್ ಕೊಟ್ಟಿಲ್ಲ, ಅಲ್ವಾ? ಮತ್ತೆ ಅದ್ಯಾಕೆ ಹಾರಿ ಬಂದು ಅಂಟಿಕೊಳ್ಳುತ್ತದೆ?

ಬಾಚಣಿಗೆ ಬಿಡಿ, ಒಂದೂವರೆ ಅಡಿ ಪಿವಿಸಿ ಪೈಪ್ ಹುಡುಕಿ. ವೈರಿಂಗ್‌ನವರು ಬಿಟ್ಟು ಹೋದ ತುಂಡಾದರೂ ಸಾಕು. ಉಣ್ಣೆ ಶಾಲಿನಿಂದ ಇಪ್ಪತ್ತು ಸಲ ಜೋರಾಗಿ ಉಜ್ಜಿ. ಶಾಲಿನ ಎಲೆಕ್ಟ್ರಾನ್‌ಗಳು (ನೆಗೆಟಿವ್ ಚಾರ್ಜ್ ಇರುವ ಸೂಕ್ಷ್ಮ ಕಣಗಳು) ಪೈಪಿಗೆ ಬಂದು ಪೈಪ್ ನೆಗೆಟಿವ್ ಆಗುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ, ಅದರಲ್ಲೂ ಕರಾವಳಿಯಲ್ಲಿ. ಗಾಳಿಯ ತೇವಕ್ಕೆ ಚಾರ್ಜ್ ನಿಲ್ಲೋದೇ ಇಲ್ಲ. ಡಿಸೆಂಬರ್, ಜನವರಿಯ ಒಣ ಹವೆ ಒಳ್ಳೆಯದು.

ಮೊದಲು ಖಾಲಿ ಕೂಲ್‌ಡ್ರಿಂಕ್ ಕ್ಯಾನ್ ಒಂದನ್ನು ನುಣುಪು ನೆಲದ ಮೇಲೆ ಅಡ್ಡ ಮಲಗಿಸಿ, ಪೈಪನ್ನು ಎರಡು ಬೆರಳಿನಷ್ಟು ದೂರದಲ್ಲಿ ಹಿಡಿಯಿರಿ. ಕ್ಯಾನ್ ತಾನಾಗೇ ಉರುಳಿಕೊಂಡು ಪೈಪಿನ ಕಡೆ ಬರುತ್ತದೆ. ಪೈಪಿನ ನೆಗೆಟಿವ್ ಚಾರ್ಜ್, ಕ್ಯಾನಿನಲ್ಲಿರುವ ಎಲೆಕ್ಟ್ರಾನ್‌ಗಳನ್ನು ಆಚೆ ಬದಿಗೆ ತಳ್ಳುತ್ತದೆ, ಹಾಗಾಗಿ ಈಚೆ ಬದಿ ಪಾಸಿಟಿವ್ ಆಗಿ ಉಳಿಯುತ್ತದೆ. ಎಳೆತವೂ ಇದೆ, ತಳ್ಳುವಿಕೆಯೂ ಇದೆ. ಆದರೆ ಪಾಸಿಟಿವ್ ಬದಿ ಹತ್ತಿರ ಇರುವುದರಿಂದ ಎಳೆತವೇ ಜಾಸ್ತಿ. ಕಾಗದದಲ್ಲಿ ಎಲೆಕ್ಟ್ರಾನ್‌ಗಳು ಹೀಗೆ ಓಡಾಡಲಾರವು, ಇದ್ದ ಜಾಗದಲ್ಲೇ ಚೂರು ಸರಿಯುತ್ತವೆ ಅಷ್ಟೇ. ಅಷ್ಟರಿಂದಲೇ ಹಗುರ ಚೂರು ಮೇಲೆದ್ದು ಬರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಒಣಗಿದ ಗಾಜಿನ ಬಾಟಲಿಗೆ ಥರ್ಮಾಕೋಲ್ ಮುಚ್ಚಳ ಹಾಕಿ, ಅದರೊಳಗೆ ತಾಮ್ರದ ತಂತಿ ತೂರಿಸಿ. ತಂತಿಯ ಕೆಳತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಎರಡು ತೆಳ್ಳನೆ ಅಲ್ಯೂಮಿನಿಯಂ ಫಾಯಿಲ್ ಪಟ್ಟಿಗಳನ್ನು ಜೋಡಿಯಾಗಿ ನೇತುಹಾಕಿ. ಪೈಪನ್ನು ತಂತಿಯ ಮೇಲ್ತುದಿಯ ಹತ್ತಿರ ತನ್ನಿ. ತಂತಿಯ ಎಲೆಕ್ಟ್ರಾನ್‌ಗಳು ಕೆಳಗೆ ತಳ್ಳಲ್ಪಟ್ಟು ಎರಡೂ ಪಟ್ಟಿಗಳು ನೆಗೆಟಿವ್ ಆಗಿ, ಒಂದನ್ನೊಂದು ತಳ್ಳಿ ಬಿಚ್ಚಿಕೊಳ್ಳುತ್ತವೆ. ದೂರ ಒಯ್ದರೆ ಮುಚ್ಚಿಕೊಳ್ಳುತ್ತವೆ. ಅಂದರೆ ಒಳಗೆ ಹೊಸ ಚಾರ್ಜ್ ಏನೂ ಬಂದಿಲ್ಲ, ಇದ್ದದ್ದೇ ಜಾಗ ಬದಲಿಸಿತ್ತು.

ಮತ್ತೆ ಪೈಪ್ ಹತ್ತಿರ ತಂದು ಹಿಡಿದುಕೊಂಡೇ, ತಂತಿಯ ತುದಿಯನ್ನು ಬೆರಳಿನಿಂದ ಮುಟ್ಟಿ. ಎಲೆಕ್ಟ್ರಾನ್‌ಗಳು ನಿಮ್ಮ ಮೈ ಮೂಲಕ ಜಾರಿಹೋಗಿ ಪಟ್ಟಿಗಳು ಮುಚ್ಚಿಕೊಳ್ಳುತ್ತವೆ. ಮೊದಲು ಬೆರಳು ತೆಗೆಯಿರಿ, ಆಮೇಲೆ ಪೈಪ್. ಪಟ್ಟಿಗಳು ಮತ್ತೆ ಬಿಚ್ಚಿಕೊಂಡು ಹಾಗೇ ನಿಲ್ಲುತ್ತವೆ! ಪೈಪ್ ಒಮ್ಮೆಯೂ ತಾಗಿಲ್ಲ, ಆದರೂ ಚಾರ್ಜ್ ಆಯಿತು, ಅದೂ ಪೈಪಿಗೆ ವಿರುದ್ಧವಾಗಿ ಪಾಸಿಟಿವ್. ನಂಬಿಕೆ ಬರದಿದ್ದರೆ ಪೈಪನ್ನು ನಿಧಾನವಾಗಿ ಹತ್ತಿರ ತನ್ನಿ, ಪಟ್ಟಿಗಳು ಇನ್ನಷ್ಟು ಅಗಲವಾಗುವ ಬದಲು ಕುಗ್ಗುತ್ತವೆ.

ನಾನು ಮೊದಲ ಎರಡು ಸಲ ಅವಸರದಲ್ಲಿ ಪೈಪನ್ನೇ ಮೊದಲು ತೆಗೆದುಬಿಟ್ಟೆ. ಜಾರಿಹೋದ ಎಲೆಕ್ಟ್ರಾನ್‌ಗಳು ಬೆರಳಿನಿಂದಲೇ ವಾಪಸ್ ಬಂದು ಪಟ್ಟಿಗಳು ಮುಚ್ಚಿಕೊಂಡೇ ಇದ್ದವು. ಹಾಗಾದರೆ ಪೈಪನ್ನು ಇನ್ನೊಮ್ಮೆ ಉಜ್ಜಿ, ಮೊದಲಿನಿಂದ ಶುರು ಮಾಡಿ.