ನಾಯಿಯ ಮೊಣಕೈಗೆ ಕ್ಯಾಮೆರಾ ಇಳಿಸಲು ಕಲಿತಿದ್ದು

ಲ್ಯಾಬ್ರಡಾರ್, ರಾಟ್‌ವೀಲರ್, ಜರ್ಮನ್ ಶೆಫರ್ಡ್ ಮರಿ ಆರೇಳು ತಿಂಗಳಿಗೆ ಮುಂಗಾಲು ಕುಂಟಿದರೆ ನಾನು ತಪ್ಪದೆ ಮೊಣಕೈ ಮಡಚಿ ನೋಡುತ್ತೇನೆ. ಎಲ್ಬೋ ಡಿಸ್‌ಪ್ಲೇಸಿಯಾದಲ್ಲಿ, ಅಂದರೆ ಮೊಣಕೈ ಕೀಲು ಸರಿಯಾಗಿ ಬೆಳೆಯದ ತೊಂದರೆಯಲ್ಲಿ, ಜಾಸ್ತಿ ಕಾಣುವುದು ಮೀಡಿಯಲ್ ಕೊರೊನಾಯ್ಡ್ (ಕೀಲಿನ ಒಳಬದಿಯ ಮೂಳೆಯ ಚಾಚು) ಒಡೆದಿರುವುದು. ಎಕ್ಸ್‌ರೇಯಲ್ಲಿ ಆ ಚೂರು ಎಷ್ಟೋ ಸಲ ಸಿಗುವುದೇ ಇಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ. ಆದರೆ ಮೂಳೆಯ ತುದಿಗೆ ಹೊದ್ದಿರುವ ನುಣುಪು ಪದರ, ಅಂದರೆ ಕಾರ್ಟಿಲೇಜ್, ಎಷ್ಟು ಸವೆದಿದೆ ಎಂದು ಕಣ್ಣಾರೆ ನೋಡಬೇಕಾದರೆ ಆರ್ಥ್ರೋಸ್ಕೋಪ್, ಅಂದರೆ ಕೀಲಿನೊಳಗೆ ಇಳಿಸುವ ಸಣ್ಣ ಕ್ಯಾಮೆರಾ ಕೊಳವೆ ಬೇಕು. ಅದನ್ನು ಕಲಿಯಲೆಂದೇ ತರಬೇತಿಗೆ ಸೇರಿದೆ.

ಅಭ್ಯಾಸವೆಲ್ಲ ಸತ್ತ ನಾಯಿಗಳ ಕಾಲಿನ ಮೇಲೆ. ಮಾಲೀಕರು ಒಪ್ಪಿ ಕೊಟ್ಟ ದೇಹಗಳವು, ಹಾಗಾಗಿ ಒಂದು ಕಾಲನ್ನೂ ಸುಮ್ನೆ ಹಾಳು ಮಾಡಲು ಮನಸ್ಸು ಬರುತ್ತಿರಲಿಲ್ಲ.

ಕಾಲಿನ ಒಳಬದಿ ಮೇಲೆ ಬರುವಂತೆ ಮಲಗಿಸಿ, ಮೊಣಕೈ ಕೆಳಗೆ ಮರಳಿನ ಚೀಲ ಇಡುತ್ತೇವೆ. ಮೊದಲು ಸೂಜಿ ಹಾಕಿ ಕೀಲಿಗೆ ಸಲೈನ್ ತುಂಬಬೇಕು. ಕೀಲು ತುಂಬಿತೆಂದರೆ ಸಿರಿಂಜಿನ ದಂಡ ಹೆಬ್ಬೆರಳನ್ನು ವಾಪಸ್ ತಳ್ಳುತ್ತದೆ. ಆಮೇಲೆ ಒಳಬದಿಯ ಎಪಿಕಾಂಡೈಲ್ ಗಂಟನ್ನು ಬೆರಳಲ್ಲಿ ಹುಡುಕಿ, ಅದರಿಂದ ಸುಮಾರು 1 ಸೆಂ.ಮೀ. ಕೆಳಗೆ, ಅರ್ಧ ಸೆಂ.ಮೀ. ಹಿಂದೆ ಚರ್ಮವನ್ನಷ್ಟೇ ಕೊಯ್ಯಬೇಕು. ಅಲ್ನಾರ್ ನರ ಹಿಂದೆಯೇ ಹಾದುಹೋಗುತ್ತದಲ್ವಾ, ಅದಕ್ಕೇ ಒಳಗೆ ಹೋಗಲು ಮೊಂಡು ತುದಿಯ ಕಡ್ಡಿಯನ್ನೇ ಬಳಸುವುದು. ಸ್ಕೋಪ್ 1.9 ಅಥವಾ 2.4 ಮಿ.ಮೀ. ದಪ್ಪ, ನೋಟ 30 ಡಿಗ್ರಿ ಓರೆ. ಕ್ಯಾಮೆರಾ ಅಲುಗಿಸದೆ, ಬೆಳಕಿನ ಕೇಬಲ್ ತಿರುಗಿಸಿಯೇ ಅಕ್ಕಪಕ್ಕ ನೋಡಬಹುದು. ಉಪಕರಣ ಹಾಕುವ ಎರಡನೇ ತೂತು ಇನ್ನೂ ಮುಂದೆ. ಅಲ್ಲೂ ಮೊದಲು ಸೂಜಿ. ಅದರ ತುದಿ ಪರದೆಯಲ್ಲಿ ಕಾಣುವವರೆಗೆ ಬ್ಲೇಡ್ ಮುಟ್ಟಬಾರದು.

ಇಷ್ಟನ್ನೂ ಒಬ್ಬರೇ ಕಲಿತರೆ ಸಾಲದು. ಕೀಲಿನ ಒಳಬದಿ ತೆರೆದುಕೊಳ್ಳುವುದು ಸಹಾಯಕರು ಪಾದವನ್ನು ಒಳಕ್ಕೆ ತಿರುಚಿ ಕೆಳಗೆ ಒತ್ತಿ ಹಿಡಿದಾಗ. ಆ ಹಿಡಿತ ಸ್ವಲ್ಪ ಸಡಿಲವಾದರೂ ಕೊರೊನಾಯ್ಡ್ ಮರೆಯಾಗುತ್ತದೆ, ಸ್ಕೋಪ್ ಕಾರ್ಟಿಲೇಜ್ ಗೀರುತ್ತದೆ. ನಮ್ಮ ಕ್ಲಿನಿಕ್‌ನ ಸಹಾಯಕಿಯನ್ನೂ ಜೊತೆಗೆ ಕರೆದೊಯ್ದಿದ್ದೆ. ಈಗ ನಾನು ಬಾಯಿಬಿಡುವ ಮೊದಲೇ ಅವಳು ಪರದೆ ನೋಡಿ ಒತ್ತಡ ಹೊಂದಿಸುತ್ತಾಳೆ. ತರಬೇತಿಗೆ ಹೋಗುವ ಗೆಳೆಯರಿಗೆಲ್ಲ ನಾನು ಇದನ್ನೇ ಹೇಳುವುದು: ಕಾಲು ಹಿಡಿಯುವವರನ್ನೂ ಕರೆದುಕೊಂಡು ಹೋಗಿ.

ಚೂರು ತೆಗೆದ ಮಾತ್ರಕ್ಕೆ ಸಂಧಿವಾತ ನಿಲ್ಲುವುದಿಲ್ಲ. ಇದನ್ನು ಮಾಲೀಕರಿಗೆ ಆಪರೇಷನ್‌ಗೆ ಮೊದಲೇ ಹೇಳುತ್ತೇನೆ. ತೂಕ ಏರದಂತೆ ನೋಡಿಕೊಳ್ಳಬೇಕು, ಮೊದಲ ಕೆಲವು ವಾರ ಹಗ್ಗ ಕಟ್ಟಿಯೇ ನಡೆಸಬೇಕು. ಇನ್ನೊಂದು ಮೊಣಕೈಯ ಚಿತ್ರವನ್ನೂ ಅದೇ ದಿನ ತೆಗೆಸುತ್ತೇನೆ. ತೊಂದರೆ ಎಷ್ಟೋ ಸಲ ಎರಡೂ ಕಾಲಲ್ಲಿ ಇರುತ್ತದೆ.