ಎಡ್ವಿನ್ ಹಾಕಿನ್ಸ್ ದಾರಿಯಲ್ಲಿ ಗಾಸ್ಪೆಲ್ ಹಾಡು ಕಲಿಸುವುದು ಹೇಗೆ

ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ 1943ರಲ್ಲಿ ಹುಟ್ಟಿದ ಗಾಸ್ಪೆಲ್ (ಕಪ್ಪು ಅಮೆರಿಕನ್ನರ ಚರ್ಚುಗಳಲ್ಲಿ ಬೆಳೆದ ಭಕ್ತಿಗೀತೆ) ಸಂಗೀತಗಾರ ಎಡ್ವಿನ್ ಹಾಕಿನ್ಸ್ ಬರ್ಕ್ಲಿಯ ಒಂದು ಚರ್ಚಿನಲ್ಲಿ ಯುವಕರ ಕ್ವಾಯರ್ (ಹಾಡುಗಾರರ ತಂಡ) ಸೇರಿಸಿ ಎಲ್‌ಪಿ ಮಾಡಿದರು. ಮೊದಲು ಅಚ್ಚಾದದ್ದು ಕೆಲವೇ ನೂರು ಪ್ರತಿ. ಅದರಲ್ಲಿದ್ದ ‘ಓ ಹ್ಯಾಪಿ ಡೇ’ ರೇಡಿಯೊಗೆ ಸಿಕ್ಕಿ, 1969ರಲ್ಲಿ ಅಮೆರಿಕದ ಪಾಪ್ ಪಟ್ಟಿಯಲ್ಲಿ 4ನೇ ಸ್ಥಾನಕ್ಕೆ ಏರಿತು. ಸಾಹಿತ್ಯ ಫಿಲಿಪ್ ಡಾಡ್ರಿಜ್ ಬರೆದ 18ನೇ ಶತಮಾನದ ಸ್ತುತಿಗೀತೆಯದು, ಹೊಸದಾದದ್ದು ಅದನ್ನು ಹಾಡಿಸಿದ ರೀತಿ. ಅವರು ಬಿಟ್ಟುಹೋದ ಆಸ್ತಿಯೆಂದರೆ ಆ ರೀತಿಯೇ. ಅದನ್ನು ಕಲಿಸಲು ಸ್ವರಲಿಪಿ ಬೇಕಿಲ್ಲ.

ನಾಲ್ಕಲ್ಲ, ಮೂರೇ ಗುಂಪು ಮಾಡಿ: ಸೊಪ್ರಾನೊ (ಹೆಂಗಸರ ಎತ್ತರದ ಧ್ವನಿ), ಆಲ್ಟೊ (ಹೆಂಗಸರ ತಗ್ಗಿನ ಧ್ವನಿ), ಟೆನರ್ (ಗಂಡಸರ ಎತ್ತರದ ಧ್ವನಿ). ಗಂಡಸರೆಲ್ಲ ಟೆನರ್ ಸಾಲನ್ನೇ ಹಾಡಬೇಕು. ಕೆಳಗಿನ ಸ್ವರವನ್ನು ಬೇಸ್ ಗಿಟಾರ್ ನೋಡಿಕೊಳ್ಳುತ್ತದೆ. 24 ಮಂದಿ ಇದ್ದರೆ 9, 8, 7 ಎಂದು ಹಂಚಿದರೆ ಸಾಕು. ನಾಲ್ಕು ಧ್ವನಿಯ ಸ್ತುತಿಗೀತೆ ಹಾಡಿ ಬೆಳೆದ ಚರ್ಚುಗಳಲ್ಲಿ ಬೇಸ್ ಧ್ವನಿಯವರು (ಗಂಡಸರ ತಗ್ಗಿನ ಧ್ವನಿ) ಮೊದಮೊದಲು ಗೊಣಗುತ್ತಾರೆ. ಅವರನ್ನು ಹಳೇ ಸಾಲಿಗೆ ಮರಳಲು ಬಿಟ್ಟರೆ ಹಾಡು ಭಾರವಾಗಿ ಕೂತುಬಿಡುತ್ತದೆ.

ಸ್ವರ ಹೇಳಿಕೊಡುವುದು ನಮ್ಮವರಿಗೆ ಸುಲಭ. ಸ ಎಂದರೆ ಕೀಬೋರ್ಡಿನ ಸಿ ಸ್ವರ ಅಂದುಕೊಳ್ಳಿ. ಮೊದಲ ಕಾರ್ಡ್‌ಗೆ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು; ಇಲ್ಲಿ ಸಿ ಕಾರ್ಡ್) ಟೆನರ್ ಮಂದ್ರ ಪ, ಆಲ್ಟೊ ಸ, ಸೊಪ್ರಾನೊ ಗ (ಅಂತರ ಗಾಂಧಾರ). ಎಫ್ ಕಾರ್ಡ್‌ಗೆ ಹೋಗುವಾಗ ಟೆನರ್ ಪದಿಂದ ದಕ್ಕೆ (ಚತುಶ್ರುತಿ), ಸೊಪ್ರಾನೊ ಗದಿಂದ ಶುದ್ಧ ಮಕ್ಕೆ ಏರುತ್ತವೆ. ಆಲ್ಟೊ ಸದಲ್ಲೇ ನಿಲ್ಲುತ್ತದೆ. ಈ ಎರಡು ಕಾರ್ಡ್‌ಗಳ ನಡುವಿನ ಓಡಾಟವೇ ಈ ಬಗೆಯ ಹಾಡುಗಳ ಬೆನ್ನೆಲುಬು. ಬೇರೆ ಏನೂ ಸೇರಿಸದೆ ಇದನ್ನೇ ಹತ್ತು ನಿಮಿಷ ಹಾಡಿಸಿ.

ಸಾಲನ್ನು ನೀವು ಹಾಡಿ, ಅವರು ತಿರುಗಿ ಹಾಡಲಿ. ಮೊದಲು ಸೊಪ್ರಾನೊ, ಆಮೇಲೆ ಟೆನರ್, ಕೊನೆಗೆ ಆಲ್ಟೊ. ಮೇಲಿನದೂ ಕೆಳಗಿನದೂ ಗಟ್ಟಿಯಾದ ಮೇಲೆ ನಡುವಿನವರಿಗೆ ಜಾಗ ಕೇಳಿಸುತ್ತದೆ. ಮೊದಲೇ ಕಲಿಸಿದರೆ ಆಲ್ಟೊದವರು ಮೂರೇ ನಿಮಿಷದಲ್ಲಿ ಪಕ್ಕದ ಸೊಪ್ರಾನೊ ಹಿಂದೆ ಹೋಗಿಬಿಡುತ್ತಾರೆ. ಟೆನರ್‌ನವರ ಕಾಯಿಲೆ ಬೇರೆ: ರಾಗ ಗೊತ್ತಾದ ಕೂಡಲೇ ಅದನ್ನೇ ಒಂದು ಸ್ಥಾಯಿ ಕೆಳಗೆ ಹಾಡತೊಡಗುತ್ತಾರೆ. ಆಗ ಅವರನ್ನು ಆಲ್ಟೊ ಜೊತೆ ಮಾತ್ರ ಹಾಡಿಸಿ. ಸೊಪ್ರಾನೊ ಕೇಳಿಸದಿದ್ದರೆ ತಾವಾಗಿ ಸರಿಹೋಗುತ್ತಾರೆ.

ನಾಲ್ಕು ಪೆಟ್ಟಿನಲ್ಲಿ ಚಪ್ಪಾಳೆ 2 ಮತ್ತು 4ನೇ ಪೆಟ್ಟಿಗೆ ಬೀಳಬೇಕು. ಮೊದಲ ಪೆಟ್ಟಿಗೇ ತಾಳ ಹಾಕುವ ನಮ್ಮ ಕೈ ಇಲ್ಲೇ ಎಡವುವುದು. 1 ಮತ್ತು 3ಕ್ಕೆ ಕಾಲು ಎತ್ತಿಡಿಸಿ, ಎರಡು ಹೆಜ್ಜೆಗಳ ನಡುವೆ ಚಪ್ಪಾಳೆ ಹೊಡೆಸಿ. ಮೈಗೆ ಹತ್ತಿದ ಮೇಲೆ ಲೆಕ್ಕ ಬೇಕಾಗುವುದಿಲ್ಲ. ಮೆಟ್ರೊನೋಮ್ (ಲಯ ಹಿಡಿಯುವ ಯಂತ್ರ) ನಿಮಿಷಕ್ಕೆ 80 ಪೆಟ್ಟಿಗೆ ಇಟ್ಟು ಕಲಿಸಿ, ಐದೈದು ಏರಿಸುತ್ತ 110ರ ಹತ್ತಿರ ತನ್ನಿ.

ಒಂಟಿ ಗಾಯಕಿ ತಗ್ಗಿನಲ್ಲಿ ಶುರುಮಾಡಬೇಕು, ಹೆಚ್ಚುಕಡಿಮೆ ಮಾತಾಡುವಂತೆ. ಮೂಲ ಧ್ವನಿಮುದ್ರಣದಲ್ಲಿ ಡೊರೊಥಿ ಮಾರಿಸನ್ ಹಾಡಿದ್ದನ್ನು ಕೇಳಿ: ಆ ತಗ್ಗು ಇಲ್ಲದಿದ್ದರೆ ಪಲ್ಲವಿಗೆ ಕ್ವಾಯರ್ ಸಿಡಿದೇಳುವುದಕ್ಕೆ ಬೆಲೆಯೇ ಇಲ್ಲ. ಮೊದಲ ಸಾಲಿನಿಂದಲೇ ಗಂಟಲು ಹರಿದುಕೊಳ್ಳುವವರನ್ನು ಆರಿಸಬೇಡಿ, ಅವರು ಎಷ್ಟೇ ಚೆನ್ನಾಗಿ ಹಾಡಲಿ.

ಕೊನೆಯ ಭಾಗ ವ್ಯಾಂಪ್, ಅಂದರೆ ನಾಲ್ಕು ಆವರ್ತನದ ಒಂದು ತುಣುಕನ್ನು ಸಾಕೆನಿಸುವವರೆಗೆ ಸುತ್ತಿಸುವುದು. ಟೆನರ್ ಮಾತ್ರ ಎರಡು ಸುತ್ತು ಹಾಡಲಿ, ಅದರ ಮೇಲೆ ಆಲ್ಟೊ, ಆಮೇಲೆ ಸೊಪ್ರಾನೊ ಕೂಡಲಿ. ಮೂರೂ ಸೇರಿ ನಾಲ್ಕು ಸುತ್ತಾದ ಮೇಲೆ ಶ್ರುತಿಯನ್ನು ಅರ್ಧ ಸ್ವರ ಏರಿಸಿ. ಕೈಸನ್ನೆ ಮೊದಲೇ ಒಪ್ಪಿಕೊಂಡಿರಿ: ಬೆರಳು ಸುತ್ತಿಸಿದರೆ ಮತ್ತೊಮ್ಮೆ, ಹೆಬ್ಬೆರಳು ಮೇಲೆ ಮಾಡಿದರೆ ಶ್ರುತಿ ಏರಿಕೆ, ಮುಷ್ಟಿ ಹಿಡಿದರೆ ನಿಲ್ಲಿಸು. ಸನ್ನೆಯನ್ನು ಒಂದು ಆವರ್ತನ ಮೊದಲೇ ತೋರಿಸಬೇಕು. ತಡವಾದರೆ ಕೀಬೋರ್ಡ್ ಹೊಸ ಶ್ರುತಿಗೆ ಹೋಗಿ ಕ್ವಾಯರ್ ಹಳೆಯದರಲ್ಲೇ ಉಳಿಯುತ್ತದೆ, ಅಲ್ಲಿಂದ ಮುಂದೆ ಯಾರೂ ಸರಿಪಡಿಸಲಾರರು.

ರೆಕಾರ್ಡ್ ಮಾಡಿ ಹಾಕುವವರು ನೆನಪಿಡಿ: ಡಾಡ್ರಿಜ್ ಪದಗಳಿಗೆ ಹಕ್ಕುಸ್ವಾಮ್ಯ ಮುಗಿದಿದೆ, ಹಾಕಿನ್ಸ್ ಕಟ್ಟಿದ ರೂಪಕ್ಕೆ ಮುಗಿದಿಲ್ಲ. ಅದಕ್ಕೆ ಲೈಸೆನ್ಸ್ ತೆಗೆದುಕೊಳ್ಳಬೇಕು.